ಒಂದೇ ಪೆಟ್ಟಿಗೆಯ ಮೂರು ಬಾಟಲಿ

ಮಾಂಟ್‌ಪೆಲ್ಲಿಯೇ, ಫ್ರಾನ್ಸ್
ಭಾನುವಾರ ರಾತ್ರಿ

ಕಾಕಾ, ಶರಣು.

ಅವ್ವ ಮೊನ್ನೆ ಫೋನಿನಲ್ಲಿ ಬೇಜಾರು ಮಾಡಿಕೊಂಡಳು. ವೈನ್ ರುಚಿ ನೋಡಿದೆ ಅಂತ ನಾನು ಹೇಳಿದ್ದೇ ತಡ, ಓದಲು ಕಳಿಸಿದರೆ ಹುಡುಗ ಕುಡಿಯಲು ಕಲಿತ ಅಂತ ಅವಳ ಚಿಂತೆ. ಅವಳಿಗೆ ನೀವೇ ಹೇಳಬೇಕು. ಇದು ನಮ್ಮ ವೈನ್ ಪಾಠದಲ್ಲೇ ಇದೆ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಿಗೆ ಮೇಲೆ ಆಡಿಸಿ, ಪಕ್ಕದ ಬಕೆಟ್ಟಿಗೆ ಉಗುಳುವುದು. ನೀವು ಬಿದರಿ ಪಾತ್ರೆ ಕಪ್ಪು ಮಾಡಲು ತರುವ ಬೀದರ್ ಕೋಟೆ ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಗೆ ಇಟ್ಟು ನೋಡಿ ಉಗುಳುತ್ತೀರಲ್ಲ, ಹಾಗೇ. ನಿಜ ಹೇಳಬೇಕು ಅಂದರೆ ಶುಕ್ರವಾರದಿಂದ ನನಗೆ ಆ ಮಣ್ಣೇ ನೆನಪಾಗುತ್ತಿದೆ, ಅದಕ್ಕೇ ಬರೆಯಲು ಕೂತೆ.

ಶುಕ್ರವಾರ ನಮ್ಮ ಮಾಸ್ತರು ತಮ್ಮ ಮನೆಯ ನೆಲಮಾಳಿಗೆಯಿಂದ ಮೂರು ಬಾಟಲಿ ತಂದಿದ್ದರು. ಶಾತೋನಫ್ ದು ಪಾಪ್ ಅನ್ನುವ ಊರಿನ ಕೆಂಪು ವೈನ್, 1998ರ ಬೆಳೆ. ಆವಿನ್ಯೋಂ ಹತ್ತಿರದ ಊರು ಅದು. ಹೊಲದ ತುಂಬ ಮುಷ್ಟಿಗಿಂತ ದೊಡ್ಡ ನುಣ್ಣನೆ ಗುಂಡುಕಲ್ಲು, ಹಗಲು ಕಾದು ರಾತ್ರಿಯೂ ಬಿಸಿ ಬಿಡುತ್ತಿರುತ್ತವೆ. ದ್ರಾಕ್ಷಿಯಲ್ಲಿ ಗ್ರೆನಾಶ್ ಜಾತಿಯೇ ಜಾಸ್ತಿ. ಮೂರೂ ಬಾಟಲಿ ಒಂದೇ ಪೆಟ್ಟಿಗೆಯವು, ಒಂದೇ ಮನೆತನದವರು ಮಾಡಿದ್ದು, ಇಷ್ಟು ವರ್ಷ ಒಂದೇ ಮೂಲೆಯಲ್ಲಿ ಮಲಗಿದ್ದು.

ಮೊದಲನೆಯದು ಶುದ್ಧವಾಗಿತ್ತು. ಅಂಚಿನಲ್ಲಿ ನಮ್ಮ ಕೋಟೆ ಗೋಡೆಯಂಥ ಕೆಂಪು, ಒಣ ಅಂಜೂರದ ವಾಸನೆ, ಹಿಂದೆ ಚೂರು ಮೆಣಸು. ಚೆನ್ನಾಗಿತ್ತು, ಅಷ್ಟೇ.

ಎರಡನೆಯದಕ್ಕೆ ಮೂಗು ಇಟ್ಟೆ ನೋಡಿ, ಕೈ ಅಲ್ಲೇ ನಿಂತುಬಿಟ್ಟಿತು. ಅಜ್ಜನ ಮನೆ ಅಂಗಳದಲ್ಲಿ ಹಗೇವು ತೆಗೆದ ದಿನ ನೆನಪಿದೆಯಾ ಕಾಕಾ? ಬಾಯಿ ಮೇಲಿನ ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ನಮ್ಮನ್ನು ಯಾರನ್ನೂ ಹತ್ತಿರ ಬಿಡದೆ ಎಷ್ಟೋ ಹೊತ್ತು ಕಾಯಿಸಿದ್ದಿರಿ. ಆಮೇಲೆ ಮೊದಲ ಬುಟ್ಟಿ ಜೋಳ ಮೇಲೆ ಬಂತು. ಬೆಚ್ಚಗೆ, ಮಣ್ಣು, ಹುಲ್ಲು, ಸ್ವಲ್ಪ ಹುಳಿ. ಆ ವಾಸನೆ ಈ ಗ್ಲಾಸಿನಲ್ಲಿತ್ತು. ಅದರ ಜೊತೆ ಹೊಸ ಚರ್ಮದ ಚಪ್ಪಲಿ, ದೂರದಲ್ಲಿ ಎಲ್ಲೋ ದನದ ಕೊಟ್ಟಿಗೆ, ಕೊನೆಗೆ ಒಂದು ಲವಂಗ. ನನ್ನ ಕಣ್ಣು ತುಂಬಿ ಬಂತು.

ಮೂರನೆಯದು ದವಾಖಾನಿ. ಗಾಯಕ್ಕೆ ಅಂಟಿಸುವ ಪಟ್ಟಿ ಇರುತ್ತದಲ್ಲ, ಅದೇ ವಾಸನೆ. ಹಣ್ಣು ಪೂರ್ತಿ ಮುಚ್ಚಿಹೋಗಿತ್ತು, ನಾಲಿಗೆ ಒಣಗಿ ಕಹಿ ನಿಂತಿತು.

ಇದು ಹೊಲದ ಮಣ್ಣಿನ ವಾಸನೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ ಕಾಕಾ, ಎಲ್ಲ ಒಂದು ಯೀಸ್ಟಿನ ಕೆಲಸ. ಬ್ರೆಟ್ಟನೊಮೈಸಿಸ್ ಅಂತ ಹೆಸರು, ಇಲ್ಲಿ ಸುಮ್ನೆ ಬ್ರೆಟ್ ಅನ್ನುತ್ತಾರೆ. ರಸವನ್ನು ವೈನ್ ಮಾಡುವ ಯೀಸ್ಟ್ ಬೇರೆ. ಅದು ಸಕ್ಕರೆ ತಿಂದು ಮುಗಿಸಿದ ಮೇಲೆ ಇದು ನಿಧಾನಕ್ಕೆ ಏಳುತ್ತದೆ. ಓಕ್ ಪೀಪಾಯಿಯ ಹಲಗೆಯೊಳಗೆ, ತೊಳೆದರೂ ನೀರು ಮುಟ್ಟದ ಕಡೆ ಕೂತಿರುತ್ತದೆ. ಲೀಟರಿಗೆ 1 ಗ್ರಾಂಗಿಂತ ಕಡಿಮೆ ಸಕ್ಕರೆ ಉಳಿದಿದ್ದರೂ ಅದಕ್ಕೆ ಹೊಟ್ಟೆ ತುಂಬುತ್ತದೆ. ದ್ರಾಕ್ಷಿಯಿಂದಲೇ ಬಂದ ಕೆಲವು ಆಮ್ಲಗಳನ್ನು ಬದಲಾಯಿಸಿ ಎರಡು ವಸ್ತು ಮಾಡುತ್ತದೆ. ಒಂದು ಇಥೈಲ್‌ಫಿನಾಲ್, ಕೊಟ್ಟಿಗೆ ಮತ್ತು ಪಟ್ಟಿಯ ವಾಸನೆ ಅದರದ್ದು. ಇನ್ನೊಂದು ಇಥೈಲ್‌ಗ್ವಾಯಕಾಲ್, ಲವಂಗ ಮತ್ತು ಹೊಗೆ. ಗಂಧಕ ಹಾಕಿ ಇದನ್ನು ತಡೆಯುತ್ತಾರೆ. ಗಂಧಕ ಕಡಿಮೆ ಹಾಕಿ, ಸೋಸದೆ ಬಾಟಲಿಗೆ ತುಂಬಿದರೆ ಒಂದರಲ್ಲಿ ನಾಲ್ಕು ಯೀಸ್ಟ್ ಹೋಗುತ್ತದೆ, ಇನ್ನೊಂದರಲ್ಲಿ ನಾಲ್ಕು ಸಾವಿರ. ಒಂದು ಬಿರಡೆ ಬಿಗಿ, ಇನ್ನೊಂದು ಚೂರು ಸಡಿಲ. ಇಷ್ಟು ವರ್ಷ ಆದ ಮೇಲೆ ಒಂದೇ ಪೆಟ್ಟಿಗೆಯೊಳಗೆ ಮೂರು ವೈನ್.

ನಮ್ಮ ಕ್ಲಾಸಿನಲ್ಲಿ ದೊಡ್ಡ ಜಗಳವೇ ಆಯಿತು. ಬ್ರೆಟ್ ಇದ್ದರೆ ಕೆಟ್ಟ ವೈನ್, ಮುಗಿಯಿತು, ಅಂತ ಅರ್ಧ ಜನ. ನಾನು ಒಪ್ಪಲಿಲ್ಲ. 1904ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಕ್ಲಾಸೆನ್ ಇದಕ್ಕೆ ಹೆಸರಿಟ್ಟಾಗ, ಬ್ರಿಟನ್ನಿನ ಹಳೆ ಬಿಯರಿನ ವಿಶೇಷ ರುಚಿ ಇದರಿಂದಲೇ ಬರುತ್ತದೆ ಅಂತ ತೋರಿಸಿದ್ದರು. ಹೆಸರಿನ ಅರ್ಥವೇ ಬ್ರಿಟನ್ನಿನ ಬೂಷ್ಟು. ಮೂರನೆ ಬಾಟಲಿ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡನೆಯದರಲ್ಲಿ ಅದು ಹಣ್ಣನ್ನು ಮುಚ್ಚಿರಲಿಲ್ಲ, ಹಣ್ಣಿನ ಕೆಳಗೆ ಹಾಸಿಕೊಂಡಿತ್ತು. ಒಂದು ಗಂಟೆ ಗಾಳಿಗೆ ಬಿಟ್ಟೆವು. ಕೊಟ್ಟಿಗೆ ವಾಸನೆ ಹಿಂದೆ ಸರಿದು ಲವಂಗ, ಅಂಜೂರ ಮುಂದೆ ಬಂದವು. ಮೂರನೆಯದು ಮಾತ್ರ ಹಾಗೇ ಪಟ್ಟಿ ವಾಸನೆ ಹೊಡೆಯುತ್ತಲೇ ಇತ್ತು.

ಆಗ ನೆನಪಾದದ್ದು ನೀವು ಮಾಡಿದ ಆ ಎರಡು ಬಿದರಿ ಸುರಾಹಿ, ಉದ್ದ ಕತ್ತಿನ ಹೂಜಿ. ಒಂದೇ ದಿನ ಎರಕ ಹೊಯ್ದಿದ್ದು, ಸತು ತಾಮ್ರ ಅದೇ ಅಳತೆ, ಬೆಳ್ಳಿ ತಂತಿ ಕೂರಿಸಿದ್ದೂ ನೀವೇ. ಕೋಟೆ ಮಣ್ಣು ಮತ್ತು ನವಸಾಗರದ ಉಪ್ಪು ಹಾಕಿದ ಬಿಸಿ ನೀರಿನಿಂದ ತೆಗೆದಾಗ ಒಂದು ಕಾಡಿಗೆಯಂತೆ ಕಪ್ಪಾಗಿತ್ತು, ಬೆಳ್ಳಿ ಬಳ್ಳಿ ಎದ್ದು ಕಾಣುತ್ತಿತ್ತು. ಇನ್ನೊಂದು ಬೂದಿ ಬಣ್ಣಕ್ಕೇ ನಿಂತಿತು. ನೀವು ಎಣ್ಣೆ ಹಚ್ಚಿ ತಿಕ್ಕಿದರೂ ಏಳಲಿಲ್ಲ. ಎರಡನೆ ಸಲ ಬೇರೆ ಚೀಲದ ಮಣ್ಣು ಹಾಕಿದ್ದೆ ಅಂದಿರಿ. ಅವತ್ತಿನಿಂದ ಕೋಟೆಗೆ ಹೋದಾಗ ಬಿಸಿಲು ಮಳೆ ಬೀಳದ ಆ ಕತ್ತಲ ಮೂಲೆಯಲ್ಲೂ ಪ್ರತಿ ಹಿಡಿಯನ್ನೂ ರುಚಿ ನೋಡುತ್ತಿದ್ದಿರಿ. ನಾನು ಚೀಲದ ಬಾಯಿ ಹಿಡಿದು ನಿಲ್ಲುತ್ತಿದ್ದೆ. ಬೇಡ ಅನ್ನಿಸಿದ ಮಣ್ಣನ್ನು ಉಗುಳಿ, ಕೈ ಒರೆಸಿಕೊಂಡು, ಒಂದು ಮೊಳ ಆಚೆ ಕೆರೆಯುತ್ತಿದ್ದಿರಿ. ಏನು ಗೊತ್ತಾಯಿತು ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ನಾಲಿಗೆಯ ತುದಿಗೆ ಮೊದಲು ಏನು ಬರುತ್ತದೆ, ಉಪ್ಪಾ, ಒಗರಾ, ತಂಪಾ? ಬೇಡದ ಮಣ್ಣು ಹೇಗಿರುತ್ತದೆ? ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ? ಫೋನಿನಲ್ಲಿ ನೀವು ಹೂಂ ಅಂದು ಮುಗಿಸಿಬಿಡುತ್ತೀರಿ, ಅದಕ್ಕೇ ಬರೆದು ಕಳಿಸಿ. ಬರೆಯಲು ಬೇಜಾರಾದರೆ ತಂಗಿಗೆ ಹೇಳಿ ಬರೆಸಿ. ಮುಂದಿನ ತಿಂಗಳು ಮಾಸ್ತರು ಪೆಟ್ಟಿಗೆಯಲ್ಲಿ ಉಳಿದ ಬಾಟಲಿಗಳನ್ನು ತೆಗೆಯುತ್ತಾರಂತೆ, ಅದಕ್ಕೂ ಮುಂಚೆ ಸಿಕ್ಕರೆ ಒಳ್ಳೆಯದು.

ಅವ್ವನಿಗೆ ಹೇಳುವುದನ್ನು ಮರೆಯಬೇಡಿ.

ನಿಮ್ಮ
ಬಸು