ಹಾಜರಿ ಸರಿ, ಗಂಟೆ ಲೆಕ್ಕ ತಪ್ಪು

ಮಾನ್ಯ ಸಂಪಾದಕರೇ,

ಹಾಜರಿ ಯಂತ್ರದಲ್ಲಿ ಎಲ್ಲ ಸರಿಯಿದ್ದೂ ಸಂಬಳದ ಗಂಟೆ ಏರುಪೇರಾದರೆ ಮೊದಲು ನೋಡಬೇಕಾದ್ದು ಡೇಟಾಬೇಸ್ ಕ್ವೆರಿಯನ್ನು, ಅಂದರೆ ದಾಖಲೆಗಳಿಂದ ಲೆಕ್ಕ ತೆಗೆಯುವ ಆದೇಶವನ್ನು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ, ಎರಡು ಸಮಯಗಳ ಅಂತರ ಹೇಳುವ ‘ಟೈಮ್‌ಡಿಫ್’ ಕೊಟ್ಟ ಉತ್ತರಗಳನ್ನು ನೇರವಾಗಿ ‘ಸಮ್’ (ಮೊತ್ತ) ಮಾಡಿದರೆ 8:30:00 ಎಂಬುದು ಚುಕ್ಕಿಗಳು ಬಿಟ್ಟುಹೋಗಿ ಬರೀ ಸಂಖ್ಯೆಯಾಗಿ 83000 ಆಗುತ್ತದೆ. ಅದಕ್ಕೆ 8:45:00 ಕೂಡಿಸಿದರೆ ಬರುವುದು 17 ಗಂಟೆ 15 ನಿಮಿಷವಲ್ಲ, 167500! ಅದರ ಬದಲು, ಅಂತರವನ್ನು ನಿಮಿಷಗಳಲ್ಲೇ ಕೊಡಬಲ್ಲ ‘ಟೈಮ್‌ಸ್ಟ್ಯಾಂಪ್‌ಡಿಫ್’ನಿಂದ ನಿಮಿಷಗಳನ್ನು ತೆಗೆದು, ತಿಂಗಳಿಡೀ ಕೂಡಿಸಿ, ಕೊನೆಗೊಮ್ಮೆ ಮಾತ್ರ 60ರಿಂದ ಭಾಗಿಸಬೇಕು. ದಿನದಿನವೂ ಪೂರ್ಣ ಗಂಟೆಗೆ ಇಳಿಸುತ್ತ ಹೋದರೆ, ದಿನಕ್ಕೆ 20 ನಿಮಿಷದಂತೆ 26 ದಿನಕ್ಕೆ 8 ಗಂಟೆ 40 ನಿಮಿಷ ಮಾಯ. ಕಳೆದುಕೊಳ್ಳುವವರು ಯಾರೆಂದು ಹೇಳಬೇಕಿಲ್ಲ.

ರಾತ್ರಿ ಪಾಳಿಗೆ ದಿನಾಂಕವೂ ಸೇರಿದ ಕಾಲಂ ಬೇಕು. ಬರೀ ಸಮಯ ದಾಖಲಿಸಿದರೆ 22:00ಕ್ಕೆ ಬಂದು 6:00ಕ್ಕೆ ಹೋದವರ ದುಡಿಮೆ ಮೈನಸ್ 16 ಗಂಟೆ ಎಂದು ಬರುತ್ತದೆ.

ಹೊರಡುವಾಗ ಪಂಚ್ ಮರೆತ ದಿನವಂತೂ ಇನ್ನೂ ಅಪಾಯ. ಹೊರಟ ಸಮಯದ ಕಾಲಂ ‘ನಲ್’ (ಖಾಲಿ) ಆಗಿ ಉಳಿಯುತ್ತದೆ, ‘ಸಮ್’ ಯಾವ ಎಚ್ಚರಿಕೆಯನ್ನೂ ಕೊಡದೆ ಇಡೀ ದಿನವನ್ನೇ ಬಿಟ್ಟುಬಿಡುತ್ತದೆ. ಸಂಬಳ ಮಾಡುವ ಮುನ್ನ ಇಂಥ ಸಾಲುಗಳನ್ನು ಪ್ರತ್ಯೇಕ ಕ್ವೆರಿಯಲ್ಲಿ ತೆಗೆದು ಮೇಲ್ವಿಚಾರಕರಿಂದ ಸರಿಪಡಿಸಿಕೊಳ್ಳಬೇಕು. ಸಂಬಳ ಚೀಟಿಯಲ್ಲಿ ಒಟ್ಟು ನಿಮಿಷಗಳನ್ನೂ ಮುದ್ರಿಸಿದರೆ ಕಾರ್ಮಿಕರೇ ತಾಳೆ ನೋಡಬಹುದು.

– ಓದುಗ, ಪೀಣ್ಯ, ಬೆಂಗಳೂರು