ಚಿಪ್ ಬಂದ ವಾರ, ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಅಳಲಿಲ್ಲ. ನನಗೆ ಅದೇ ಭಯ. "ನಾನು ಡಿಸೈನ್ ಮಾಡಿದ ನೆಟ್‌ವರ್ಕ್ ಚಿಪ್ ಬಂತಮ್ಮ, ಲೋಡ್ ಜಾಸ್ತಿಯಾದರೆ ನಿಂತುಬಿಡುತ್ತೆ. ನಾನು ರಿಸರ್ಚ್ ಬಿಡ್ತೀನಿ" ಅಂದೆ. ಆಮೇಲೆ ಮಾತಿಗೆ ಮಾತು ಬೆಳೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಚಿಪ್ಪನ್ನು ಹೀಗೆ ನಿಲ್ಲಿಸುವ ಡೆಡ್‌ಲಾಕ್ ಅಂದರೇನು ಅಂತ ನನಗೆ ಹೇಳಿಕೊಟ್ಟವಳು ನೀನೇ. ಒಂದು ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಮುಂದಿನ ಸ್ವಿಚ್‌ನ ಬಫರ್ (ಡೇಟಾ ಕಾಯುವ ಜಾಗ) ಖಾಲಿಯಾಗಲಿ ಅಂತ ಕಾಯುತ್ತದೆ. ಅಲ್ಲಿರುವುದು ಅದರ ಮುಂದಿನದಕ್ಕೆ, ಕೊನೆಯದು ಮತ್ತೆ ಮೊದಲನೆಯದಕ್ಕೆ. ಯಾವುದೂ ಕದಲುವುದಿಲ್ಲ. ಡ್ಯಾಲಿ ಮತ್ತು ಸೈಟ್ಜ್ ಅನ್ನುವ ಸಂಶೋಧಕರು 1987ರಲ್ಲೇ ವರ್ಚುವಲ್ ಚಾನೆಲ್, ಅಂದರೆ ಒಂದೇ ತಂತಿಗೆ ಬೇರೆ ಬೇರೆ ಬಫರ್ ಸಾಲು, ಇಟ್ಟು ಈ ಸುತ್ತು ಬಿಡಿಸಿದರು ಅಂತ ಕಣ್ಣರಳಿಸಿ ಹೇಳಿದ್ದೆ. ಅಷ್ಟು ಹಳೆಯ ತೊಂದರೆ ಇವತ್ತಿನ ಚಿಪ್ಪಿಗೂ ಕಾಡುತ್ತದೆ ಅಂದರೆ ಅದು ನಿನ್ನ ದಡ್ಡತನ ಅಲ್ಲ, ಅಲ್ವಾ?

ನನಗೆ ಪದೇ ಪದೇ ಆ ಫೈಬರ್ ಕೇಬಲ್ಲೇ ನೆನಪಾಗುತ್ತದೆ. ನೀನಿನ್ನೂ ಓದುತ್ತಿದ್ದೆ. ಲಿಂಕ್ ಬರುತ್ತಲೇ ಇರಲಿಲ್ಲ. ಸರ್ಕ್ಯೂಟ್ ವಿವರಿಸಲು ನೀನು ವೆರಿಲಾಗ್ ಭಾಷೆಯಲ್ಲಿ ಬರೆದ ಕೋಡನ್ನೇ ಅನುಮಾನಿಸಿ ಸಾಲು ಸಾಲಾಗಿ ಜಾಲಾಡಿದೆ. ಊಟ ಬಿಟ್ಟೆ, ನಿದ್ದೆ ಬಿಟ್ಟೆ. ಕೊನೆಗೆ ನೋಡಿದರೆ ಕನೆಕ್ಟರ್ ತುದಿಯಲ್ಲಿ ಧೂಳು. ಬೆಳಕು ಹಾಯುವ ಕೋರ್ ಸುಮಾರು 9 ಮೈಕ್ರೋಮೀಟರ್ ಅಷ್ಟೇ, ಒಂದು ಕಣ ಅಡ್ಡ ಬಂದರೂ ಸಾಕು. ಒರೆಸಿದೆ, ಲಿಂಕ್ ಬಂತು. ಆಮೇಲೆ ಫೋನ್ ಮಾಡಿ ಬರೀ ಧೂಳಿನ ಬಗ್ಗೆಯೇ ಎಷ್ಟು ಹೊತ್ತು ಮಾತಾಡಿದೆ! ಸಿಟ್ಟೇ ಇರಲಿಲ್ಲ. "ಇನ್ನು ಮೇಲೆ ಮೊದಲು ತುದಿ ನೋಡ್ತೀನಿ, ಆಮೇಲೆ ಕೋಡ್" ಅಂದೆ. ಆ ದನಿ ನಿನ್ನೆ ಇರಲಿಲ್ಲ. ಏನೇ ಕೆಲಸ ಮಾಡುತ್ತಿದ್ದರೂ ಇವತ್ತು ನನ್ನ ಮನಸ್ಸು ಅಲ್ಲಿಗೇ ಹೋಗುತ್ತಿದೆ.

ಈ ಸಲ ದೋಷ ಸಿಲಿಕಾನ್ ಒಳಗೇ ಇದೆ, ಒರೆಸಿದರೆ ಹೋಗದು. ಮಾಸ್ಕ್, ಅಂದರೆ ಚಿಪ್ ಅಚ್ಚು ಹಾಕುವ ನಕ್ಷೆ, ತಿದ್ದಿ ಮತ್ತೆ ಚಿಪ್ ತಯಾರಿಸುವ ಫ್ಯಾಬ್‌ಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಸುತ್ತು ಹುಟ್ಟಿಸುವ ದಾರಿಯನ್ನು, ಪ್ಯಾಕೆಟ್ ಎತ್ತ ಹೋಗಬೇಕು ಅಂತ ಹೇಳುವ ರೂಟಿಂಗ್ ಟೇಬಲ್‌ನಲ್ಲೇ ಮುಚ್ಚಿ, ವೇಗ ಸ್ವಲ್ಪ ಕಡಿಮೆಯಾದರೂ ಓಡಿಸಿ ನೋಡಬಹುದಲ್ವಾ? ನೋಡೇ ಇರುತ್ತೀಯ. ನಿನಗೇ ಪಾಠ ಹೇಳಹೊರಟೆ, ಬೇಜಾರಾಗಬೇಡ ಕಂದ. ಸಿಮ್ಯುಲೇಶನ್‌ನಲ್ಲಿ ಸಿಗದ್ದು ನಿಜವಾದ ಟ್ರಾಫಿಕ್‌ನಲ್ಲಿ ಸಿಕ್ಕಿತು. ಅದನ್ನು ಹಿಡಿದವಳು ನೀನು. ನನಗೆ ಅದರ ಬಗ್ಗೆ ಹೆಮ್ಮೆಯಿದೆ, ನಿನ್ನೆ ಅದನ್ನು ಹೇಳಲಾಗಲಿಲ್ಲ.

ರಿಸರ್ಚ್ ಬಿಡಲೇಬೇಕಾದರೆ ಬಿಡು. ಬೇರೆ ಕೆಲಸದ ಮೇಲೆ ಆಸೆ ಹುಟ್ಟಿ ಬಿಡು. ಇಂಥ ವಾರದಲ್ಲಿ, ನಿದ್ದೆಗೆಟ್ಟ ತಲೆಯಲ್ಲಿ ಮಾತ್ರ ತೀರ್ಮಾನ ಬೇಡ.

ಸೋಮವಾರದ ರಿವ್ಯೂನಲ್ಲಿ ಬೇರೆಯವರು ಕೇಳುವ ಮೊದಲು ನೀನೇ ದೋಷವನ್ನು ಹೇಳು. ಟ್ರೇಸ್, ಅಂದರೆ ಪ್ಯಾಕೆಟ್ ಓಡಾಟದ ದಾಖಲೆ, ತೆಗೆದು ತೋರಿಸು, ಪ್ಯಾಕೆಟ್ ಎಲ್ಲಿ ಸಿಕ್ಕಿಕೊಂಡಿತು ಅಂತ ಬೆರಳಿಟ್ಟು ಹೇಳು.

ನಿನ್ನ
ಅಮ್ಮ