ನಾಲ್ಕನೇ ಬುಧವಾರ

ಬದಿಯಡ್ಕ
ಗುರುವಾರ ರಾತ್ರಿ

ಪ್ರೀತಿಯ ಮಗಾ,

ನಿನ್ನ ಉದ್ದದ ಮೆಸೇಜನ್ನು ನಿನ್ನೆಯಿಂದ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಉತ್ತರ ಫೋನಿನಲ್ಲೇ ಬರೆಯಬಹುದಿತ್ತು. ಆದರೆ ನನ್ನ ಫೋನು ಮನೆಯಲ್ಲಿ ಎಲ್ಲರ ಕೈಗೂ ಹೋಗುತ್ತದೆ. ಅದಕ್ಕೇ ಹಾಸ್ಟೆಲಿನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಅಮ್ಮನಿಗೆ ಹೇಳಿಲ್ಲ.

ಪರೀಕ್ಷೆ, ನಿದ್ದೆ, ಊಟ ಸೇರದ್ದು, ಅದೆಲ್ಲಾ ನೀನು ಓಣಂ ರಜೆಗೆ ಬಂದಾಗಲೇ ಕಂಡಿತ್ತು. ನನ್ನನ್ನು ಕಂಗೆಡಿಸಿದ್ದು ಬುಧವಾರದ ಆನ್‌ಲೈನ್ ಕೌನ್ಸೆಲಿಂಗ್ ಬಗ್ಗೆ ಕೊನೆಯಲ್ಲಿ ನೀನು ಬರೆದ ಒಂದು ಸಾಲು. "ನಾಲ್ಕನೇ ಬುಧವಾರ ಲಿಂಕ್ ಒತ್ತಲಿಲ್ಲ ದೊಡ್ಡಮ್ಮ. ಒತ್ತದಿದ್ದರೆ ಯಾರೂ ಬಂದು ಬಾಗಿಲು ಬಡಿಯುವುದಿಲ್ಲ. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ."

ಆ 'ಸುಲಭ'ವೇ ನನಗೆ ಹೆದರಿಕೆ ಮಗಾ. ಒಂದು ಸಲ ಅದು ನಮ್ಮ ಮನೆಗೂ ಬಂದಿತ್ತು.

ಮಾವನ ಕಥೆ ನಿನಗೆ ಗೊತ್ತು. ಗೊತ್ತಿಲ್ಲದ ಒಂದು ಭಾಗ ಇದೆ. ಅದನ್ನು ನಾನು ಯಾರಿಗೂ ಹೇಳಿಲ್ಲ. 1988ರ ಮಳೆಗಾಲ. ಅವನು ಪ್ರಿ-ಡಿಗ್ರಿ ಕಾಲೇಜಿಗೆ ಹೋಗುವುದನ್ನು ಬಿಟ್ಟು ಅಟ್ಟದಲ್ಲಿ ಮಲಗಿ ಎರಡು ತಿಂಗಳಾಗಿತ್ತು. ಕುಂಬಳೆಯಲ್ಲಿ ಬಸ್ಸು ಬದಲಿಸಿ ಮಂಗಳೂರಿಗೆ ಕರಕೊಂಡು ಹೋದದ್ದು ನಾನೇ. ಡಾಕ್ಟರು ಅವನ ಮುಖ ನೋಡಿ ಕೇಳುತ್ತಿದ್ದರು. ಉತ್ತರ ಹೇಳುತ್ತಿದ್ದದ್ದು ನಾನು. ನಿದ್ದೆ ಬರುತ್ತದಾ? ಇಲ್ಲ ಡಾಕ್ಟರೇ. ಊಟ? ಸರಿಯಾಗಿ ಮಾಡುವುದಿಲ್ಲ. ಏನಾದರೂ ಚಿಂತೆ ಇದೆಯಾ? ಏನೂ ಇಲ್ಲ, ಮನೆಯಲ್ಲಿ ಯಾವುದಕ್ಕೂ ಕಡಿಮೆ ಇಲ್ಲ. ಅವನು ಮೇಜಿನ ಅಂಚನ್ನೇ ನೋಡುತ್ತಾ ಕೂತಿದ್ದ.

ಹದಿನೈದು ದಿನ ಬಿಟ್ಟು ಬನ್ನಿ ಅಂದರು. ಮತ್ತೆ ಹೋಗಬೇಕಾದ ದಿನ ಜೋರು ಮಳೆ. "ಈಗ ಪರವಾಗಿಲ್ಲ ಅಕ್ಕಾ" ಅಂದ. ನಾನು ಮರುಮಾತು ಆಡಲಿಲ್ಲ. ನನಗೆ ಆಗ ಗಂಡು ನೋಡುತ್ತಿದ್ದರು. ಆ ಆಸ್ಪತ್ರೆಯ ಗೇಟಿನಲ್ಲಿ ಊರಿನವರು ಯಾರಾದರೂ ಕಂಡರೆ ಅನ್ನುವ ಭಯ ನನಗಿತ್ತು. ಹೋಗುವುದು ಬೇಡ ಅಂತಾದಾಗ ನನಗೆ ಹಗುರಾಯಿತು. ಅದು ನೆನಪಾದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಮುಂದಿನ ಮೂವತ್ತು ಚಿಲ್ಲರೆ ವರ್ಷ ಅವನು ಹೇಗಿದ್ದಾನೆ ಅಂತ ನೀನು ನೋಡಿಯೇ ಬೆಳೆದಿದ್ದೀಯಲ್ಲ.

ನಿನ್ನದು ಅವನ ಹಾಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ನೀನೇ ಹುಡುಕಿ, ನೀನೇ ದುಡ್ಡು ಹೊಂದಿಸಿ, ಮೂರು ಬುಧವಾರ ಕೂತು ಮಾತಾಡಿದ್ದೀ. ನಮ್ಮ ಮನೆಯಲ್ಲಿ ಆ ಧೈರ್ಯ ಮಾಡಿದವರು ನೀನೇ ಮೊದಲು.

ನಾನು ಎಲ್‌ಪಿ ಶಾಲೆಯಲ್ಲಿ ಕಲಿಸಿದ ಹುಡುಗಿಯೊಬ್ಬಳು ಈಗ ಬೆಂಗಳೂರಿನಲ್ಲಿ ಇದೇ ಕೌನ್ಸೆಲಿಂಗ್ ಕೆಲಸದಲ್ಲಿದ್ದಾಳೆ. ನಿನ್ನ ಹೆಸರು ಎತ್ತದೆ ಅವಳನ್ನು ಕೇಳಿದೆ. ತಪ್ಪಾಗಿದ್ದರೆ ಹೇಳು. ಆನ್‌ಲೈನಿನಲ್ಲಿ ಬರುವ ನಿನ್ನ ವಯಸ್ಸಿನವರು ಎರಡು ಮೂರು ಸಲ ಬಂದು ನಿಲ್ಲಿಸುವುದು ತುಂಬಾ ಇದೆಯಂತೆ. ಎದ್ದು ಹೋಗಬೇಕಾದರೆ ಕುರ್ಚಿ ಸರಿಸಬೇಕಾಗಿಲ್ಲ, ಎದುರಿದ್ದವರ ಮುಖ ನೋಡಬೇಕಾಗಿಲ್ಲ. ಬರೀ ಆ್ಯಪ್ ಇಟ್ಟುಕೊಂಡು ಒಬ್ಬರೇ ಮಾಡುವವರು ಇನ್ನೂ ಬೇಗ ಬಿಡುತ್ತಾರಂತೆ. ಆಚೆ ಕಡೆ ಮನುಷ್ಯರು ಒಬ್ಬರಿದ್ದು ವಿಚಾರಿಸುತ್ತಿದ್ದರೆ ಹೆಚ್ಚು ದಿನ ಉಳಿಯುತ್ತಾರೆ. ಯೋಚನೆ, ನಡವಳಿಕೆಯ ರೂಢಿಯನ್ನು ಮಾತಾಡಿ ಬದಲಿಸುವ ಸಿಬಿಟಿ ಅನ್ನುವ ಪದ್ಧತಿಗೆ ಸಾಮಾನ್ಯವಾಗಿ 6ರಿಂದ 20 ಸಲ ಕೂರಬೇಕಾಗುತ್ತದೆ ಅಂದಳು. ನೀನು ಮೂರಕ್ಕೇ 'ಏನೂ ಆಗಲಿಲ್ಲ' ಅಂತ ಬರೆದಿದ್ದೀ.

ಅವಳ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. "ನಿಮ್ಮ ರೀತಿ ಹಿಡಿಸಲಿಲ್ಲ ಅಂತ ಹೇಳಿದರೆ ನಮಗೆ ಬೇಜಾರಿಲ್ಲ ಟೀಚರ್. ಅಲ್ಲಿಂದಲೇ ಕೆಲಸ ಶುರು ಮಾಡಬಹುದು. ಸುಮ್ನೆ ಮಾಯವಾದರೆ ಏನೂ ಮಾಡುವ ಹಾಗಿಲ್ಲ." ಹಾಗಾಗಿ ನಿನ್ನ ಕೌನ್ಸೆಲರಿಗೆ ಎರಡು ಸಾಲು ಬರೆದು ಹಾಕಬಹುದೇನೋ. ಕ್ಷಮೆ ಕೇಳುವುದು ಬೇಡ. ಯಾಕೆ ಒತ್ತಲಿಲ್ಲ ಅಂತ ಮಾತ್ರ.

ಯಾಕೆ ಅಂತ ನೀನು ನನಗೂ ಪೂರ್ತಿ ಬರೆದಿಲ್ಲ. ಒಂದು ಕಡೆ ಮಾತ್ರ ಗೊತ್ತಾಯಿತು. ಅವರು ಮಲಯಾಳದಲ್ಲಿ ಕೇಳುತ್ತಾರೆ, ನೀನು ಇಂಗ್ಲಿಷಿನಲ್ಲಿ ಹೇಳುತ್ತೀ, ಅಳು ಮಾತ್ರ ಕನ್ನಡದಲ್ಲೇ ಬರುತ್ತದೆ ಅಂದಿದ್ದೀಯಲ್ಲ. ಕಾಸರಗೋಡಿನ ಮಕ್ಕಳಿಗೆ ಇದು ಇದ್ದದ್ದೇ. ಹತ್ತನೇವರೆಗೆ ಕನ್ನಡ ಮೀಡಿಯಂ ಓದಿ ಕೊಚ್ಚಿಗೆ ಹೋದವನಿಗೆ 'ಎದೆ ಭಾರ' ಅನ್ನುವುದನ್ನು ಬೇರೆ ಭಾಷೆಗೆ ದಾಟಿಸಿ ಹೇಳುವಷ್ಟರಲ್ಲಿ ಹೇಳಬೇಕೆಂಬ ಆಸೆಯೇ ಹೋಗುತ್ತದೆ. ಕನ್ನಡ ಬರುವವರನ್ನು ಕೇಳಿ ಪಡೆಯಬಹುದು. ನೇರ ಭೇಟಿಯಾದರೆ ಮಂಗಳೂರಿಗೇ ಬರಬೇಕಿತ್ತು. ಫೋನಿನಲ್ಲಿ ಅವರು ಧಾರವಾಡದಲ್ಲಿದ್ದರೂ ನಡೆಯುತ್ತದೆ. ಆದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಂಡಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಒಮ್ಮೆ ನೋಡು.

ಫೋನಿನ ಬಗ್ಗೆ ನನಗೆ ತಾತ್ಸಾರ ಇಲ್ಲ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿ ಒಳದಾರಿಗಳಿಗೆ ಮಣ್ಣು ಸುರಿದಾಗ, ನನ್ನ ಬಿಪಿ ಮಾತ್ರೆಯನ್ನು ಡಾಕ್ಟರು ಬದಲಿಸಿದ್ದು ಫೋನಿನಲ್ಲೇ. ಒಂದೇ ಕಷ್ಟ. ನೀನು ಮನಸ್ಸು ಬಿಚ್ಚಬೇಕಾದ್ದೂ ರೀಲ್ಸ್ ನೋಡುವುದೂ ಅದೇ ಫೋನಿನಲ್ಲಿ. ಮುಖ ತೋರಿಸಲು ಆಗದ ದಿನ ಕ್ಯಾಮೆರಾ ಬೇಡ, ಮಾತು ಮಾತ್ರ ಸಾಕು ಅಂತ ಕೇಳಬಹುದಂತೆ. ಕೋಣೆಯಲ್ಲಿ ಮೂವರಿದ್ದೀರಿ. ಇಯರ್‌ಫೋನ್ ಹಾಕಿಕೊಂಡು ತಾರಸಿಗೆ ಹೋಗಲು ಬಿಡುತ್ತಾರಾ? ನನಗೆ ಅಲ್ಲಿಯ ರೀತಿ ಗೊತ್ತಿಲ್ಲ, ತೋಚಿದ್ದು ಬರೆದೆ.

ಮನೆಗೆ ಸುದ್ದಿ ಹೋಗುತ್ತದೆ ಅನ್ನುವ ಹೆದರಿಕೆ ಇದ್ದರೆ ಬಿಡು. ನಿನಗೆ 18 ದಾಟಿದೆ, ಅಪ್ಪನ ಸಹಿ ಬೇಡ. ಜೀವಕ್ಕೆ ಅಪಾಯ ಇದ್ದಾಗಿನ ಮಾತು ಬೇರೆ. ಉಳಿದಂತೆ ನೀನು ಹೇಳಿದ್ದನ್ನು ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ.

ಇನ್ನು ಕೇಳಲೇಬೇಕಾದ್ದು ಒಂದಿದೆ. ಬರೆಯಲು ಕೈ ನಡುಗುತ್ತದೆ. ಸಾಯುವ ಯೋಚನೆ ಬರುತ್ತಿದೆಯಾ ಮಗಾ? ಹಾಗೆ ನೇರ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಕೇಳುವುದೇ ಒಳ್ಳೆಯದು ಅಂತ ಆ ಹುಡುಗಿ ಹೇಳಿದಳು. ಬರುತ್ತಿದ್ದರೆ ಬುಧವಾರದವರೆಗೆ ಕಾಯಬೇಡ. ಲಿಂಕೂ ಆ್ಯಪೂ ಆ ಹೊತ್ತಿಗೆ ಸಾಲದು. ಕೋಣೆಯ ಹುಡುಗನನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗು. 14416ಕ್ಕೆ ಕರೆ ಮಾಡು. 2022ರ ಅಕ್ಟೋಬರಿನಲ್ಲಿ ಸರಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡವೂ ಇದೆ. ನನಗೂ ಮಾಡು, ಎಷ್ಟು ಹೊತ್ತಾದರೂ. ಆಗ ಮಾತ್ರ ನಾನು ನಿನ್ನ ಅಮ್ಮನಿಗೆ ಹೇಳದೆ ಇರಲಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಿನ್ನ ಮೆಸೇಜು ಓದಿದ ಮೇಲೆ ಇವತ್ತು ಸಂಜೆ ಮಾವನ ಹತ್ತಿರ ಹೋಗಿ ಕೂತೆ. ಜಗಲಿಯಲ್ಲಿ ಅಡಕೆ ಸುಲಿಯುತ್ತಿದ್ದ. ಅವತ್ತು ಎರಡನೇ ಸಲ ಹೋಗುವುದು ಯಾಕೆ ಬೇಡ ಅಂದೆ ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ತುಂಬಾ ಹೊತ್ತು ಸುಮ್ಮನಿದ್ದ. ಮರೆತಿದ್ದಾನೆ ಅಂದುಕೊಂಡೆ. ಆಮೇಲೆ "ಎಲ್ಲಾ ನೀನೇ ಹೇಳಿದ್ದೆಯಲ್ಲ ಅಕ್ಕಾ" ಅಂದ.

ಅದಕ್ಕೇ ನಿನ್ನ ಉತ್ತರಗಳನ್ನು ನಾನು ಹೇಳಲು ಬರುವುದಿಲ್ಲ. ಅಲ್ಲಿ ಏನು ಮಾತಾಡಿದಿರಿ ಅಂತಲೂ ಕೇಳುವುದಿಲ್ಲ. ಬುಧವಾರ ಸಂಜೆ ಏಳಕ್ಕೆ ಐದು ನಿಮಿಷ ಇರುವಾಗ ಒಂದು ಮಿಸ್ಡ್ ಕಾಲ್ ಕೊಡುತ್ತೇನೆ, ಅಷ್ಟೇ. ಅದೂ ಬೇಡ ಅನ್ನಿಸಿದರೆ ಒಂದು ಮಾತು ಬರೆ, ನಿಲ್ಲಿಸುತ್ತೇನೆ.

ನಿನ್ನ
ದೊಡ್ಡಮ್ಮ